ಆಥಲ್ ಬೆಸ್ವಿಕ್‌ನ ಆರದ ಒಲೆ

ನಮ್ಮ ಡನ್‌ಕೋಂಬ್ ಊರಿನಲ್ಲಿ ಗಂಡಸಿನ ಯೋಗ್ಯತೆಯನ್ನು ಅವನ ಸೌದೆ ನೋಡಿ ಅಳೆಯುತ್ತಾರೆ. ಹೆಂಡತಿ, ಮಕ್ಕಳು, ನೌಕರಿ, ಭಾನುವಾರದ ಪ್ರಾರ್ಥನೆ ಇವೆಲ್ಲ ಆಮೇಲಿನ ಮಾತು. ಮೊದಲು ನೋಡುವುದು ಮನೆಯ ಪಕ್ಕದಲ್ಲಿ ಸೌದೆ ಎಷ್ಟು ನೇರವಾಗಿ ಒಟ್ಟಿದ್ದಾನೆ, ತೊಗಟೆ ಮೇಲಕ್ಕೋ ಕೆಳಕ್ಕೋ, ತುದಿಗೆ ಕಂಬ ಕೊಡದೆ ರಾಶಿ ತಾನಾಗಿ ನಿಂತಿದೆಯೋ ಎಂಬುದನ್ನು. ಈ ಲೆಕ್ಕದಲ್ಲಿ ಆಥಲ್ ಬೆಸ್ವಿಕ್ ನಮ್ಮ ಬೀದಿಯ ಮಹಾರಾಜ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು, ಆಮೇಲೆ ತನ್ನ ಕೈಚಳಕವನ್ನೆಲ್ಲ ನೀಲಗಿರಿ ಕಟ್ಟಿಗೆಯ ಮೇಲೆ ಸುರಿದ. ಅವನ ರಾಶಿಯ ಮುಂದೆ ಜನ ಕಾರು ನಿಧಾನ ಮಾಡುತ್ತಿದ್ದರು. ಮದುವೆಯ ಫೋಟೋ ತೆಗೆಸಿಕೊಳ್ಳಲು ಒಂದು ಜೋಡಿ ಬಂದು ನಿಂತಿತ್ತು ಎಂಬ ಮಾತೂ ಉಂಟು. ಅದನ್ನು ಹೇಳಿದವನು ಆಥಲ್ಲೇ ಆದ್ದರಿಂದ ಪೂರ್ತಿ ನಂಬಬೇಕಾಗಿಲ್ಲ.

ಆಸ್ಟ್ರೇಲಿಯಾದ ದಕ್ಷಿಣ ತುದಿಯ ನಮ್ಮ ಟಾಸ್ಮೇನಿಯಾದಲ್ಲಿ ಮೇ ಬಂದರೆ ಚಳಿಗಾಲ, ಆ ಚಳಿಗೆ ನಮ್ಮೂರಿನಲ್ಲೊಂದು ಪಂಚಾಂಗವಿದೆ. ಏಪ್ರಿಲ್ ಕೊನೆಯ ಆಂಜಾಕ್ ದಿನಕ್ಕೆ ಮುಂಚೆ ಯಾರೂ ಒಲೆ ಹೊತ್ತಿಸುವ ಹಾಗಿಲ್ಲ. ಮೂಗಿನ ತುದಿ ಉದುರಿ ಬಿದ್ದರೂ ಸರಿ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಹಲ್ಲು ಕಡಿಯುತ್ತ ಕೂರಬೇಕು. ಆಂಜಾಕ್ ದಿನ ಮುಂಜಾನೆ ಯುದ್ಧದಲ್ಲಿ ಸತ್ತವರಿಗೆ ನಮಸ್ಕರಿಸಿ ಬಂದು ಬೆಂಕಿ ಹಚ್ಚಿದರೆ, ಅಕ್ಟೋಬರಿನ ಕೃಷಿ ಮೇಳದ ರಜೆಯವರೆಗೂ ಅದು ಆರಬಾರದು. ನಡುವೆ ಆರಲು ಬಿಟ್ಟವನು ಪಬ್ಬಿನಲ್ಲಿ ಮುಖ ತೋರಿಸುವಂತಿಲ್ಲ. ಹಾಗಾದರೆ ಎಲ್ಲರೂ ನಿದ್ದೆ ಹೋದಾಗ ಬೆಂಕಿಯನ್ನು ಕಾಯುವವರು ಯಾರು? ಅಲ್ಲೇ ಇರುವುದು ಗುಟ್ಟು. ಮಲಗುವ ಮುಂಚೆ ಒಲೆಗೆ ಒಂದು ದಪ್ಪ ಕೊರಡು ತುರುಕಿ ಗಾಳಿಕಿಂಡಿಯನ್ನು ಬಿಗಿಯಾಗಿ ಮುಚ್ಚಿಬಿಡುವುದು. ಕೊರಡು ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಸರಕಾರಿ ಕಡತದ ಹಾಗೆ ಬೆಳಗಿನ ತನಕ ಹೊಗೆಯಾಡುತ್ತ ಬಿದ್ದಿರುತ್ತದೆ. ಬೆಳಿಗ್ಗೆ ಆಥಲ್ ಬಾಗಿಲು ತೆಗೆದು, ಬೂದಿ ಕೆದಕಿ, ಕೆಂಡ ಕಂಡೊಡನೆ ಇಡೀ ಮನೆಗೆ ಕೇಳುವಂತೆ ಕೂಗುತ್ತಿದ್ದ:

"ಜೀವ ಇದೆ!"

ಒಳಗಿನ ಕೋಣೆಯಲ್ಲಿ ಅವನ ಹೆಂಡತಿ ಯೂನಾ ಕೆಮ್ಮುತ್ತಿದ್ದಳು. ಅವಳ ಜೀವ ಇದೆಯೇ ಎಂದು ಕೂಗಿ ಕೇಳುವ ಸಂಪ್ರದಾಯ ನಮ್ಮಲ್ಲಿಲ್ಲ.

ಡನ್‌ಕೋಂಬ್ ಇರುವುದು ಬಾಣಲೆಯ ತಳದಲ್ಲಿ. ಸುತ್ತ ಬೆಟ್ಟ, ನಡುವೆ ಹೊಳೆ. ಚಳಿಗಾಲದಲ್ಲಿ ಮೇಲೊಂದು ಮುಚ್ಚಳ ಬಿದ್ದಂತಾಗಿ ಊರಿನ ಹೊಗೆಯೆಲ್ಲ ಊರಲ್ಲೇ ಉಳಿಯುತ್ತದೆ. ಸ್ವದೇಶಿ ಎನ್ನಬೇಕು. ಯೂನಾ ಶಾಲೆಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪೈ ಬಡಿಸಿ, ಅವರ ಕಿವಿ ಹಿಂಡಿ ಸಾಲಿನಲ್ಲಿ ನಿಲ್ಲಿಸಿದ ಗಟ್ಟಿ ಹೆಂಗಸು. ಆದರೆ ಮೇ ತಿಂಗಳು ಬಂತೆಂದರೆ ಅವಳ ಎದೆಯಲ್ಲಿ ಪೀಪಿ ಊದಿದ ಸದ್ದು. ಕೈಚೀಲದಲ್ಲೊಂದು ಇನ್‌ಹೇಲರ್, ದಿಂಬಿನ ಕೆಳಗೊಂದು, ಅಡಿಗೆಮನೆಯ ಕಿಟಕಿಯ ಬಳಿ ಉಪ್ಪಿನ ಡಬ್ಬಿಯ ಪಕ್ಕ ಇನ್ನೊಂದು. ಮಾತು ಕಡಿಮೆಯಾಗುತ್ತಿತ್ತು. ಜುಲೈ ಹೊತ್ತಿಗೆ "ಹೂಂ", "ಊಹೂಂ" ಎರಡರಲ್ಲೇ ಸಂಸಾರ ಸಾಗುತ್ತಿತ್ತು. ಆಥಲ್ ಇದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದ.

"ಮನೇಲಿ ಬೆಂಕಿ ಬೆಚ್ಚಗಿದ್ರೆ ಹೆಂಗಸು ತಣ್ಣಗಿರ್ತಾಳೆ," ಎಂದು ಪಬ್ಬಿನಲ್ಲಿ ಉಪದೇಶ ಮಾಡುತ್ತಿದ್ದ. "ನಮ್ಮ ಯೂನಾನ್ನೇ ನೋಡಿ. ಚಳಿಗಾಲದಲ್ಲಿ ಉಸಿರೆತ್ತಲ್ಲ."

ಡಾಕ್ಟರು ಹೊಗೆ ಎಂದರು. ಆಥಲ್ ಒಪ್ಪಲಿಲ್ಲ. ಆದರೆ ಹೆಂಡತಿಯ ಕೆಮ್ಮಿಗೆ ಕಾರಣ ಹುಡುಕದೆ ಬಿಡುವ ಕಟುಕನೂ ಅವನಲ್ಲ. ಪೊಲೀಸರು ಕಳ್ಳನನ್ನು ಬಿಟ್ಟು ಬೀದಿಯವರನ್ನೆಲ್ಲ ಹಿಡಿಯುವಂತೆ ತನಿಖೆ ಶುರುಮಾಡಿದ. ಮೊದಲ ಆರೋಪಿ ಬೆಕ್ಕು. ಯೂನಾಳ ಕಾಲ ಬುಡದಲ್ಲೇ ಬೆಳೆದ ಮುದಿ ಬೆಕ್ಕನ್ನು ಯಾವುದೋ ಹಾಲಿನ ಫಾರ್ಮಿಗೆ ಸಾಗಿಸಿದ. ಕೆಮ್ಮು ಹೋಗಲಿಲ್ಲ. ಮುಂದಿನ ಚಳಿಗಾಲ ನೆಲದ ಕಾರ್ಪೆಟ್ ಕಿತ್ತೆಸೆದ. ಆಮೇಲೆ ಬಾತುಗರಿಯ ದಿಂಬುಗಳು ಹೋದವು. ಕೊನೆಗೆ ಹಿತ್ತಿಲಿನ ವಾಟಲ್ ಮರದ ಹಳದಿ ಹೂವಿನ ಮೇಲೆ ಅನುಮಾನ ಬಂದು, ಯೂನಾ ಮದುವೆಯ ವರ್ಷ ನೆಟ್ಟ ಆ ಮರವನ್ನು ಬುಡಸಮೇತ ಕಡಿದ. ಕಡಿದದ್ದನ್ನು ಏನು ಮಾಡಿದ ಎಂದು ಕೇಳಬೇಡಿ. ಒಣಗಿಸಿ, ಸೀಳಿ, ಒಟ್ಟಿ, ಅದೇ ಒಲೆಗೆ ಹಾಕಿದ. ಹೆಂಡತಿಯ ಆರೋಗ್ಯಕ್ಕಾಗಿ ಇಷ್ಟೆಲ್ಲ ಕಷ್ಟಪಟ್ಟ ಗಂಡ ಸುತ್ತಮುತ್ತ ಇನ್ನೊಬ್ಬ ಇರಲಿಲ್ಲ.

ಈ ನಡುವೆ ನಗರಸಭೆಗೂ ಊರಿನ ಎದೆಗೂಡಿನ ಮೇಲೆ ಕರುಣೆ ಹುಟ್ಟಿತು. ತಿಳಿಗಾಳಿ ಯೋಜನೆ ಎಂದು ಹೆಸರಿಟ್ಟರು. ಗಾಳಿ ಅಳೆಯುವ ಯಂತ್ರವನ್ನು ಮೊದಲು ಬೆಟ್ಟದ ತುದಿಯ ವೀಕ್ಷಣಾ ಗೋಪುರದಲ್ಲಿ ಕೂರಿಸಿದರು. ಯಂತ್ರ ಸುರಕ್ಷಿತವಾಗಿರಲಿ ಎಂದು ಯಾರೋ ಬುದ್ಧಿವಂತರು ಆರಿಸಿದ ಜಾಗ. ಅಲ್ಲಿ ಹದ್ದುಗಳಷ್ಟೇ ಉಸಿರಾಡುತ್ತವೆ. ಒಂದು ಚಳಿಗಾಲವಿಡೀ ಅಳೆದು, ಡನ್‌ಕೋಂಬಿನ ಗಾಳಿ ಅತ್ಯುತ್ತಮ ಎಂದು ವರದಿ ಬಂತು. ಆಸ್ಪತ್ರೆಯವರು ತಲೆ ಚಚ್ಚಿಕೊಂಡ ಮೇಲೆ ಯಂತ್ರ ಕೆಳಗಿಳಿದು ಉದ್ಯಾನಕ್ಕೆ ಬಂತು. ಅದರ ಉದ್ಘಾಟನೆಗೆ ಎಲ್ಲರಿಗೂ ಪುಕ್ಕಟೆ ಸಾಸೇಜ್. ಸಾಸೇಜ್ ಮತ್ತು ಈರುಳ್ಳಿ ಸುಡುವ ಕಾವಲಿಯನ್ನು ಯಂತ್ರದ ಪಕ್ಕದಲ್ಲೇ ಇಟ್ಟಿದ್ದರಿಂದ, ಮೇಯರ್ ಭಾಷಣ ಮುಗಿಸುವ ಮೊದಲೇ ಯಂತ್ರದ ಕೆಂಪು ದೀಪ ಹೊತ್ತಿ ಊರು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು. ಜನ ಕೈಯಲ್ಲಿ ಬ್ರೆಡ್ಡು ಹಿಡಿದು ಮತ್ತೆ ಸಾಲಿನಲ್ಲಿ ನಿಂತರು.

ಆದರೆ ಯೋಜನೆ ಕೆಟ್ಟದ್ದಾಗಿರಲಿಲ್ಲ. ಹಳೆಯ ಕಟ್ಟಿಗೆ ಒಲೆ ಕೊಟ್ಟರೆ, ಕರೆಂಟಿನಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪನ್ನು ನಗರಸಭೆಯೇ ಹಾಕಿಸಿಕೊಡುತ್ತದೆ, ಚಾವಣಿಯ ಸಂದಿಗೆ ಉಣ್ಣೆಯ ಹಾಸು ತುಂಬಿಸುತ್ತದೆ. ಹೊಸ ಮನೆಗಳಿಗೆ ಕಟ್ಟಿಗೆ ಒಲೆ ಇಲ್ಲ. ಇದನ್ನು ವಿವರಿಸಲು ಮೇ ತಿಂಗಳಲ್ಲಿ ಪುರಭವನದಲ್ಲಿ ಸಭೆ ಕರೆದರು. ವಿವರಿಸಿದವಳು ಟೆಗನ್ ಒಡೀ, ಯೋಜನೆಯ ಅಧಿಕಾರಿ. ಹೊಗೆ ಮುತ್ತಿದ ವಾರಗಳಲ್ಲಿ ಆಸ್ಪತ್ರೆಯ ಎದೆರೋಗದ ವಾರ್ಡು ಹೇಗೆ ತುಂಬುತ್ತದೆ, ಒಲೆ ಬದಲಿಸಿದ ಬೀದಿಗಳಿಂದ ಬರುವ ರೋಗಿಗಳು ಹೇಗೆ ಕಡಿಮೆಯಾಗುತ್ತಿದ್ದಾರೆ ಎಂದು ಆ ಹುಡುಗಿ ಪರದೆಯ ಮೇಲೆ ಚಿತ್ರ ಸಮೇತ ತೋರಿಸಿದಳು. ಜನ ಚಿತ್ರದ ಬಣ್ಣ ನೋಡಿದರು. ಆಮೇಲೆ ಒಲೆ ರಕ್ಷಣಾ ಸಂಘದ ಅಧ್ಯಕ್ಷ ಎದ್ದು ನಿಂತ. ಅಧ್ಯಕ್ಷ ಯಾರೆಂದು ಬೇರೆ ಹೇಳಬೇಕಿಲ್ಲ.

"ನೋಡು ಪುಟ್ಟಿ," ಎಂದ ಆಥಲ್ ಟೆಗನ್‌ಗೆ, "ನಿಮ್ಮ ಯಂತ್ರಾನೇ ಹೇಳಿದೆ ನಮ್ಮ ಗಾಳಿ ಅತ್ಯುತ್ತಮ ಅಂತ. ಈಗ ಉಲ್ಟಾ ಹೊಡೀತೀರಾ? ನಮ್ಮಪ್ಪ ಒಲೆ ಉರಿಸ್ದ, ಅವರಪ್ಪ ಉರಿಸ್ದ. ಅವರೇನು ಹೊಗೆ ಕುಡಿದು ಸತ್ರಾ?"

"ಏನಾಗಿ ಸತ್ರು ಆಥಲ್?" ಹಿಂದಿನಿಂದ ಯಾರೋ ಕೇಳಿದರು.

"ಎದೆನೋವು. ಅದು ಬೇರೆ ವಿಷಯ." ಆಥಲ್ ಗಂಟಲು ಸರಿಮಾಡಿಕೊಂಡ. "ಒಂದೇ ಮಾತು. ದಮ್ಮಿದ್ದೋರು ಒಲೆ ಉರಿಸ್ತಾರೆ. ದಮ್ಮಿಲ್ದೋರು ಸ್ವಿಚ್ ಒತ್ತುತಾರೆ!"

ಚಪ್ಪಾಳೆಯೋ ಚಪ್ಪಾಳೆ. ದಮ್ಮು ಎಂಬ ಮಾತಿನ ಇನ್ನೊಂದು ಅರ್ಥ ಮಾತ್ರ ಹಿಂದಿನ ಸಾಲಿನಲ್ಲಿ ಕೈಚೀಲ ಹಿಡಿದು ಕೂತಿತ್ತು. ಅದು ಎದ್ದು ನಿಂತಿತು.

"ನಂದೊಂದು... ಮಾತು," ಎಂದಳು ಯೂನಾ. "ನಮ್ಮನೆ... ಒಲೆ... ನನಗೆ..."

ಸಭೆ ಕಾಯಿತು. ಮೇಯರ್, "ನಿಧಾನ ಯೂನಾ, ಅವಸರ ಇಲ್ಲ," ಎಂದರು. ಯೂನಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರಿತ್ತು, ಮಾತು ಬರಲಿಲ್ಲ.

ಆಥಲ್ ವೇದಿಕೆಯ ಹತ್ತಿರದಿಂದಲೇ ಕೈ ಎತ್ತಿದ. "ಒಲೆ ಅಂದ್ರೆ ಅವಳಿಗೆ ಪ್ರಾಣ. ಕಿತ್ಕೊಂಡು ಹೋಗ್ತಾರೆ ಅಂತ ದುಃಖ ಉಕ್ಕಿ ಬಂದಿದೆ ಪಾಪ. ಕೂತ್ಕೋ ಚಿನ್ನ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಯೂನಾ ಕೂತಳು.

ಆ ವಾರವೇ ಅವಳು ಚೀಲ ಕಟ್ಟಿ ಚಳಿಯಿಲ್ಲದ ಉತ್ತರದ ಕ್ವೀನ್ಸ್‌ಲ್ಯಾಂಡಿನ ಹರ್ವಿ ಬೇ ಊರಿಗೆ, ತಂಗಿ ಡಲ್ಸಿಯ ಮನೆಗೆ ಹೊರಟಳು. ಯಾವಾಗ ಬರುತ್ತಾಳೆಂದು ಹೇಳಲಿಲ್ಲ. ಹೇಳಲು ಉಸಿರಿಲ್ಲವೇನೋ ಎಂದು ಆಥಲ್ ಕೇಳಲೂ ಇಲ್ಲ. ಎರಡು ಭಾನುವಾರ ಬಿಟ್ಟು, ಒಂಟಿಯಾಗಿ ಬೇಯಿಸಿದ ಕುರಿಮಾಂಸ ಸೀದುಹೋದ ಮಧ್ಯಾಹ್ನ, ಫೋನ್ ಮಾಡಿದ.

"ಹಲೋ," ಎಂದಿತು ಆ ಕಡೆಯ ಗಂಟೆಯಂಥ ದನಿ.

"ಡಲ್ಸೀ, ಚೆನ್ನಾಗಿದೀಯಾ? ಯೂನಾಗೆ ಕೊಡು ಫೋನು."

"ನಾನೇ ಯೂನಾ ಮಾತಾಡ್ತಿರೋದು."

"ತಮಾಷೆ ಸಾಕು ಡಲ್ಸಿ. ಅವಳಿಗೆ ಕೊಡು."

"ಮೂವತ್ತು ವರ್ಷ ಜೊತೇಲಿ ಬಾಳಿ ಹೆಂಡ್ತಿ ದನಿ ಗುರುತು ಸಿಗಲ್ವೇನೋ ನಿಂಗೆ? ಸಿಗೋದಾದ್ರೂ ಹೇಗೆ, ಚಳಿಗಾಲದಲ್ಲಿ ನಂಗೆ ದನಿ ಇತ್ತಾ? ನನ್ನ ಬೆಕ್ಕನ್ನ ಹಾಲಿನೋನಿಗೆ ಕೊಟ್ಟೆ, ಕಾರ್ಪೆಟ್ ಕಿತ್ತು ನನ್ನ ಕಾಲು ಮರಗಟ್ಟಿಸ್ದೆ, ದಿಂಬು ಎಸೆದು ಕತ್ತು ಉಳುಕಿಸ್ದೆ, ನಾನು ನೆಟ್ಟ ಮರ ಕಡಿದು ಅದೇ ಒಲೆಗೆ ಹಾಕಿ ಆ ಹೊಗೇನ ನಂಗೇ ಕುಡಿಸ್ದೆ, ಕೊನೆಗೆ ಊರೋರ ಮುಂದೆ ನಾನು ಉಸಿರಿಲ್ದೆ ಒದ್ದಾಡ್ತಿದ್ರೆ ಒಲೆಗೋಸ್ಕರ ಅಳ್ತಿದಾಳೆ ಅಂತ ಚಪ್ಪಾಳೆ ಹೊಡೆಸ್ದೆ, ಇನ್ನೇನ್ ಬಾಕಿ ಇದೆ, ನಾನು ಚೆನ್ನಾಗಿ ಒಣಗಿದ್ರೆ ನನ್ನನ್ನೂ ಸೀಳಿ ಒಟ್ತಿದ್ಯೇನೋ!"

ಎಲ್ಲಿಯೂ ನಿಲ್ಲಲಿಲ್ಲ. ಒಂದು ಕೆಮ್ಮಿಲ್ಲ, ಒಂದು ಪೂರ್ಣವಿರಾಮವಿಲ್ಲ. ಆಥಲ್ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡ. ರೈಲ್ವೆ ಕಾರ್ಖಾನೆಯ ಬುದ್ಧಿ ನಿಧಾನವಾಗಿ ತಿರುಗಿದರೂ ತಿರುಗುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಒಲೆ ಆರಿದ ಮೇಲೆ ಯೂನಾ ಜಗಳಗಂಟಿಯಾಗುತ್ತಿದ್ದಳು. ವಸಂತದ ಪ್ರಭಾವ ಎಂದುಕೊಂಡಿದ್ದ. ಮೇ ಬಂದರೆ ಸಾಧ್ವಿಯಾಗುತ್ತಿದ್ದಳು. ತನ್ನ ಬೆಂಕಿಯ ಪ್ರಭಾವ ಎಂದುಕೊಂಡಿದ್ದ. ಬೆಂಕಿಯದೇ, ಸಂದೇಹವಿಲ್ಲ. ಇಷ್ಟು ವರ್ಷ ಅವನಿಗೆ ಸಾಧುವಾದ ಹೆಂಡತಿ ಇರಲಿಲ್ಲ. ಬಯ್ಯಲು ಗಾಳಿ ಸಾಲದ ಹೆಂಡತಿ ಇದ್ದಳು.

"ಯಾವಾಗ್ ಬರ್ತೀಯ?" ಎಂದ, ಸಣ್ಣ ದನಿಯಲ್ಲಿ.

"ಆ ಒಲೆ ಇರೋ ಮನೆಗೆ ಬರಲ್ಲ. ಅಕ್ಟೋಬರಿಗೂ ಬರಲ್ಲ. ನಿಂಗೆ ಯಾವುದು ಬೇಕೋ ಇಟ್ಕೋ." ಫೋನು ಕಟ್ಟಾಯಿತು.

ಆಥಲ್ ಕೆಲವು ದಿನ ಒಲೆಯ ಮುಂದೆ ಕೂತ. ಬೆಳಿಗ್ಗೆ ಕೆಂಡದಲ್ಲಿ ಜೀವ ಇರುತ್ತಿತ್ತು, ಕೂಗಿ ಹೇಳಲು ಯಾರೂ ಇರಲಿಲ್ಲ. ಕೊನೆಗೆ ಕಿಟಕಿಯ ಪರದೆ ಎಳೆದು ನಗರಸಭೆಗೆ ಫೋನ್ ಮಾಡಿದ, ಸೂಳೆಗೇರಿಯ ವಿಳಾಸ ಕೇಳುವವನ ದನಿಯಲ್ಲಿ.

"ಟೆಗನ್ ಪುಟ್ಟಿ, ನಾನು. ಹೆಸರು ಹೇಳ್ಬೇಡ ಜೋರಾಗಿ. ನಿಮ್ಮ ಆ ಪಂಪು... ಹಾಕ್ಸೋಕೆ ಬರೋ ವ್ಯಾನ್ ಮೇಲೆ ನಗರಸಭೆ ಅಂತ ಬರೆದಿರುತ್ತಲ್ಲ, ಬರೀದೇ ಇರೋದು ಯಾವುದಾದ್ರೂ ಇದ್ಯಾ?"

"ಒಂದಿದೆ ಆಥಲ್," ಎಂದಳು ಟೆಗನ್, ನಗು ತಡೆದುಕೊಂಡು. "ಆದ್ರೆ ಅದಕ್ಕೆ ಸರದಿ ಕಾಯ್ಬೇಕು. ನಿಮ್ಮ ಸಂಘದೋರೆಲ್ಲ ಅದನ್ನೇ ಕೇಳ್ತಾರೆ."

"ನಮ್ಮ ಸಂಘದೋರಾ? ಯಾರ್ಯಾರು?"

"ಅದ್ನ ಹೇಳೋ ಹಾಗಿಲ್ಲ. ನಿಮ್ಮ ಹೆಸ್ರನ್ನೂ ಹೇಳಲ್ಲ ಬಿಡಿ."

ಬೋಳು ವ್ಯಾನು ಬಂತು. ಆಂಜಾಕ್ ದಿನದಿಂದ ಆರದೆ ಇದ್ದ ಬೆಂಕಿಯನ್ನು ಆಥಲ್ ತಾನೇ ಆರಲು ಬಿಟ್ಟ. ಒಲೆಯನ್ನು ಶೆಡ್ಡಿನಲ್ಲಿ ನೆನಪಿಗೆಂದು ಇಟ್ಟುಕೊಳ್ಳುತ್ತೇನೆ ಎಂದು ಗೋಗರೆದ. ಯೋಜನೆಯಲ್ಲಿ ಅದಕ್ಕೆ ಅವಕಾಶವಿಲ್ಲ. ನೆನಪುಗಳು ಇನ್ನೊಬ್ಬರ ಮನೆ ಸೇರಿ ಹೊಗೆಯಾಡುತ್ತವೆ ಎಂಬ ಅನುಭವ ನಗರಸಭೆಗೆ ಆಗಲೇ ಆಗಿತ್ತು. ಅವನೆದುರೇ ಕತ್ತರಿಸಿ ಗುಜರಿಗೆ ಹಾಕಿ, ಚಿಮಣಿಯ ಬಾಯಿಗೆ ತಗಡಿನ ಮುಚ್ಚಳ ಬಡಿದರು. ಗೋಡೆಯ ಮೇಲೆ ಬಿಳಿ ಪೆಟ್ಟಿಗೆ ಗುಂಯ್ ಎಂದಿತು. ಆಥಲ್ ಅದರ ಕಡೆ ಬೆನ್ನು ಮಾಡಿ ಕೂತ. ಸ್ವಲ್ಪ ಹೊತ್ತಿಗೆ ಬೆನ್ನು ಬೆಚ್ಚಗಾಗಿ, ಅವಮಾನವಾದಂತೆ ಎದ್ದು ಹೊರಗೆ ಹೋದ.

ಪಕ್ಕದ ಮನೆಯ ನಗೆಟ್ ಡಾಬ್ಸನ್ ಸಂಘದ ಉಪಾಧ್ಯಕ್ಷ, ಗುಜ್ಜಾರಿ, ಆಥಲ್‌ನ ಜೊತೆ ಒಂದೇ ಕಾರ್ಖಾನೆಯಲ್ಲಿ ಸವೆದವನು. ಬೇಲಿಯ ಮೇಲಿಂದ ಕತ್ತು ಚಾಚಿದ.

"ಏನ್ ಮಾರಾಯ, ಚಿಮಣಿ ಮೌನವ್ರತ ಹಿಡಿದಿದೆ?"

"ಮಸಿ ತೆಗೆಸ್ತಿದೀನಿ."

"ತಲೆಗೆ ತಗಡಿನ ಟೋಪಿ ಹಾಕ್ಸಿ ಮಸಿ ತೆಗೆಸೋದು ಹೊಸಾ ಪದ್ಧತೀನಾ?" ಎಂದು ನಗೆಟ್ ಒಳಗೆ ಹೋದ. ಸಂಜೆಗೆ ಪಬ್ಬಿಗೆಲ್ಲ ಸುದ್ದಿ ಮುಟ್ಟಿತ್ತು. ಬೆಂಕಿಗಿಂತ ಹೊಗೆ ಬೇಗ ಹರಡುತ್ತದೆ.

ಯೂನಾ ನಂಬಲಿಲ್ಲ. ಫೋಟೋ ಕಳಿಸಿದರೂ ನಂಬಲಿಲ್ಲ. ಆಗಸ್ಟಿನಲ್ಲಿ ಒಂದು ಶನಿವಾರ ಬಂದಿಳಿದು ಬಾಗಿಲಲ್ಲೇ ಹೇಳಿದಳು, "ನೋಡ್ಕೊಂಡ್ ಹೋಗೋಕೆ ಬಂದಿದೀನಿ. ಶುಕ್ರವಾರ ವಾಪಸ್ ವಿಮಾನ ಇದೆ. ಚೀಲ ಬಿಚ್ಚಲ್ಲ." ಮನೆ ಬೆಚ್ಚಗಿತ್ತು. ಮೂಗು ಅರಳಿಸಿ ಕೋಣೆ ಕೋಣೆ ಸುತ್ತಿದಳು. ಹೋದ ಕಡೆಯಲ್ಲೆಲ್ಲ ಒಂದೊಂದು ತಪ್ಪು ಹಿಡಿದು ಬೈದಳು. ಆಥಲ್ ಹಿಂದೆ ಹಿಂದೆ ನಡೆದು, ಎಣ್ಣೆ ಹಾಕಿದ ಯಂತ್ರದ ಸದ್ದು ಕೇಳುವ ಫಿಟ್ಟರನಂತೆ ತಲೆ ವಾಲಿಸಿ ಕೇಳಿದ. ಗೆದ್ದೆ ಎಂದುಕೊಂಡ.

ಮರುದಿನ ಬೆಳಿಗ್ಗೆ ಯೂನಾ ಹಾಸಿಗೆಯ ಬಟ್ಟೆ ಒಗೆದು ಹಿತ್ತಿಲಿನ ತಂತಿಗೆ ಹಾಕಲು ಹೋದಳು. ನಗೆಟ್‌ನ ಚಿಮಣಿಯಿಂದ ಕಂದು ಹೊಗೆ ಇಳಿದು, ಬೇಲಿ ಹತ್ತಿ, ಒದ್ದೆ ಬಟ್ಟೆಯ ನಡುವೆ ತೂರಿ ಬಂತು. ಆಥಲ್ ಅಡಿಗೆಮನೆಯಲ್ಲಿ ಟೀ ಬಸಿಯುತ್ತಿದ್ದವನು ಆ ಪೀಪಿಯ ಸದ್ದು ಕೇಳಿದ. ಯೂನಾ ಒಳಬಂದಳು. ಕಿಟಕಿಯ ಬಳಿ ಕೈಯಾಡಿಸಿ ಇನ್‌ಹೇಲರ್ ಹುಡುಕಿದಳು, ಎಳೆದುಕೊಂಡಳು, ಕೂತಳು. ಬೈಯಲಿಲ್ಲ. ಒಂದು ಮಾತೂ ಬೈಯಲಿಲ್ಲ.

ಆಥಲ್ ಟೀ ಅಲ್ಲೇ ಬಿಟ್ಟು ಬೇಲಿಗೆ ಓಡಿದ.

"ನಗೆಟ್! ಏನಯ್ಯಾ ಇದು ಹೊಗೆ? ಮನುಷ್ಯರು ಬದುಕೋದು ಬೇಡ್ವಾ?"

ನಗೆಟ್ ಕೈಯಲ್ಲಿ ಕೊಡಲಿ ಹಿಡಿದೇ ಬಂದ. "ಯಾವ್ದು? ಇದಾ? ಇದೇ ಹೊಗೇಲಿ ನಿನ್ನದೂ ಬೆರೆತಿತ್ತಲ್ಲಪ್ಪ ಮೊನ್ನೆ ಮೊನ್ನೆವರೆಗೂ, ಆಗ ಮಲ್ಲಿಗೆ ವಾಸ್ನೆ ಬರ್ತಿತ್ತಾ? ದಮ್ಮಿದ್ದೋರು ಒಲೆ ಉರಿಸ್ತಾರೆ ಅಂದೋನು ಯಾರು?"

"ಅದು ಭಾಷಣ ಕಣೋ!"

"ನಾನು ಭಾಷಣ ನಂಬಿ ಲಾರಿ ತುಂಬ ಸೌದೆ ಹಾಕ್ಸಿದೀನಿ. ಈಗ ಯೂನಾಗೆ ಆಗಲ್ಲ ಅಂತೀಯಾ? ಒಲೆಗೋಸ್ಕರ ಸಭೇಲಿ ಗಳಗಳ ಅತ್ತೋಳು ಅವಳು. ನಾವೆಲ್ಲ ನೋಡಿದೀವಿ. ನಮ್ಮನೆಯೋಳು ಮನೆಗೆ ಬಂದೂ ಅತ್ಲು."

ಆಥಲ್ ಬೇಲಿಯ ಗೂಟ ಹಿಡಿದು ನಿಂತ. ಒಳಗಿನಿಂದ ಮಾತಿನ ಸದ್ದು ಇನ್ನೂ ಬಂದಿರಲಿಲ್ಲ.

"ಅವಳು ಅತ್ತಿದ್ದಲ್ಲ ನಗೆಟ್. ಉಸಿರು ಸಿಗ್ತಿರ್ಲಿಲ್ಲ. ಒಲೆ ಕಿತ್ತಾಕಿ ಅಂತ ಹೇಳೋಕೆ ಎದ್ದಿದ್ಲು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿಸ್ದೆ."

ನಗೆಟ್ ಕೊಡಲಿಯನ್ನು ಕೊರಡಿಗೆ ಚುಚ್ಚಿ ನಿಲ್ಲಿಸಿದ. ತನ್ನ ಚಿಮಣಿಯನ್ನು ಒಮ್ಮೆ ನೋಡಿದ.

"ಇದ್ನ ಪಬ್ಬಲ್ಲಿ ಹೇಳ್ತೀಯಾ?"

"ಯಾಕೆ?"

"ನಾನೊಬ್ನೇ ಒಲೆ ಬಿಟ್ಟು ಹೋಗಿ ಅಲ್ಲಿ ಬೈಸ್ಕೋಬೇಕಾ? ಮೊದ್ಲು ನೀನು ಬೈಸ್ಕೋ. ನಾನು ಆಮೇಲೆ ಬರ್ತೀನಿ."

ಬುಧವಾರ ಮಧ್ಯಾಹ್ನ ಸಂಘದ ಸಭೆ, ಅಂದರೆ ಪಬ್ಬಿನಲ್ಲಿ ಕಡಲ ಚಿಪ್ಪಿನ ಮಾಂಸ ತುಂಬಿದ ಸ್ಕ್ಯಾಲಪ್ ಪೈ ಮತ್ತು ಬಿಯರ್. ಆಥಲ್ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಬೆಕ್ಕಿನಿಂದ ಹಿಡಿದು ವಾಟಲ್ ಮರದ ತನಕ ಒಪ್ಪಿಕೊಂಡ. ಆಮೇಲೆ ಯಾರೋ "ಸ್ವಿಚ್ಚಣ್ಣ!" ಎಂದರು. ಆ ಹೆಸರು ಅಲ್ಲೇ ಅಂಟಿಕೊಂಡಿತು, ಈಗ ಅವನ ಕಾಗದಗಳ ಮೇಲೆ ಬರುವುದೊಂದು ಬಾಕಿ. ಅಧ್ಯಕ್ಷ ಪದವಿ ಹೋಯಿತು. ಅತಿ ಜೋರಾಗಿ ನಕ್ಕ ಖಜಾಂಚಿಯ ಮನೆಯ ಹಿಂದೆ, ಅಂದವಾಗಿ ಒಟ್ಟಿದ ಸೌದೆ ರಾಶಿಯ ಮರೆಯಲ್ಲಿ ಹೀಟ್ ಪಂಪಿನ ಫ್ಯಾನು ಹೋದ ವರ್ಷದಿಂದಲೇ ತಿರುಗುತ್ತಿದೆ ಎಂಬುದು ಅವನ ಹೆಂಡತಿಗೆ ಗೊತ್ತಿತ್ತು, ಹಾಗಾಗಿ ಬೀದಿಗೂ ಗೊತ್ತಿತ್ತು. ಸಂಘದ ಮುಕ್ಕಾಲು ಪಾಲು ಸದಸ್ಯರು ಗೌರವಕ್ಕೆ ಸೌದೆ, ಬಿಸಿಗೆ ಸ್ವಿಚ್ಚು ಇಟ್ಟುಕೊಂಡಿದ್ದರು. ಪೂರ್ತಿ ಪ್ರಾಮಾಣಿಕವಾಗಿ ಹೊಗೆ ಬಿಡುತ್ತಿದ್ದವರು ಆಥಲ್ ಮತ್ತು ನಗೆಟ್‌ನಂಥ ಕೆಲವು ಮುಗ್ಧರು ಮಾತ್ರ.

ಗುರುವಾರ ಬೋಳು ವ್ಯಾನು ನಗೆಟ್‌ನ ಮನೆಯ ಮುಂದೆ ನಿಂತಿತು. ನಗೆಟ್‌ನ ಬಳಿ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ, ಹೆಸರು ಬರೆದ ವ್ಯಾನೇ ಬರಲಿ ಎಂದು ಅವನು ಹೇಳಿದ್ದನಂತೆ. ಅದು ರಿಪೇರಿಗೆ ಹೋಗಿದ್ದರಿಂದ ಟೆಗನ್ ಬೋಳು ವ್ಯಾನಿನ ಸರದಿಯಲ್ಲೇ ಅವನನ್ನು ಮುಂದಕ್ಕೆ ತಂದಿದ್ದಳು.

ಶುಕ್ರವಾರದ ವಿಮಾನ ಯೂನಾಳನ್ನು ಬಿಟ್ಟು ಹೋಯಿತು.

ನಗರಸಭೆ ಆ ವರ್ಷದ ವರದಿಯಲ್ಲಿ ಆಥಲ್‌ನ ಫೋಟೋ ಹಾಕಿ, ಸಮುದಾಯದ ನಾಯಕತ್ವ ಎಂದು ಕೆಳಗೆ ಬರೆಯಿತು. ಮೇಯರ್ ಇದೆಲ್ಲ ತಮ್ಮ ದೂರದೃಷ್ಟಿ ಎಂದರು. ಆಸ್ಪತ್ರೆಯ ಎದೆರೋಗದ ವಾರ್ಡಿನ ನರ್ಸುಗಳಿಗೆ ಚಳಿಗಾಲದಲ್ಲೂ ಕೂತು ಟೀ ಕುಡಿಯಲು ಬಿಡುವು ಸಿಕ್ಕಿತು. ಔಷಧಿ ಅಂಗಡಿಯವನೊಬ್ಬನೇ ವ್ಯಾಪಾರವಿಲ್ಲ ಎಂದು ಗೊಣಗುವುದು.

ಆದರೆ ಯೂನಾ ಚೀಲವನ್ನು ಪೂರ್ತಿ ಬಿಚ್ಚಿದ್ದು ತಡವಾಗಿ. ನಗೆಟ್‌ನ ಒಲೆ ಗುಜರಿಗೆ ಹೋದ ದಿನ ಆಥಲ್ ಓಡಿಬಂದು, "ಈಗ ಬಿಚ್ತೀಯಾ?" ಎಂದಾಗ ಅವಳು ಮುಂಬಾಗಿಲಿಗೆ ಬಂದು ಬೀದಿಯ ಏರನ್ನು ನೋಡಿದಳು. ಅಲ್ಲಿ ಇನ್ನೂ ಕೆಲವು ಚಿಮಣಿಗಳು ಬೆಳಗಿನ ಕೆಲಸದಲ್ಲಿದ್ದವು.

"ಗಾಳಿಗೇನು ಬೇಲಿ ಇದ್ಯಾ? ಮೇಲ್ಮನೆ ಮಿಸೆಸ್ ಟ್ರೆಥ್ವಿ ಒಲೆ ಯಾರು ಕೇಳ್ತಾರೆ? ಸಭೇಲಿ ಅಷ್ಟು ಜನಕ್ಕೆ ಒಲೆ ಬೇಕು ಅಂತ ಹೇಳಿದ ಬಾಯಿ, ಬೇಡ ಅಂತ ಹೇಳೋಕೆ ಮನೆಮನೆಗೂ ನಡೀಲಿ. ಹೋಗು. ಕೋಟ್ ಹಾಕ್ಕೋ. ಆ ಟೋಪಿ ಅಲ್ಲ, ಅದು ಹೊಗೆ ನಾರ್ತಿದೆ. ಅವಳು ಕೇಕ್ ಕೊಟ್ರೆ ತಿಂದು ಸುಮ್ನೆ ಬಂದ್ಬಿಡ್ಬೇಡ, ಹೋದ ಸಲ ಚರ್ಚಿನ ಚಂದಾ ಕೇಳೋಕೆ ಹೋಗಿ..."

ಆಥಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಏರು ಹತ್ತಿದ. ಮಿಸೆಸ್ ಟ್ರೆಥ್ವಿಯ ಗೇಟು ಮುಟ್ಟುವ ಹೊತ್ತಿಗೂ ಹಿಂದಿನಿಂದ ಬರುತ್ತಿದ್ದ ಆ ಮಾತು ಮುಗಿದಿರಲಿಲ್ಲ.